ಹರಿಹರದ ದಾರಿಯಲ್ಲಿ ಅಜ್ಜನ ಬಿಲ್ಲು

ವಿಜಯದಶಮಿಯ ಸಂಜೆ ದಾವಣಗೆರೆ, ಹರಿಹರ, ಶಿವಮೊಗ್ಗ ಸೀಮೆಯ ಊರುಗಳಲ್ಲಿ ದೇವರ ಪಲ್ಲಕ್ಕಿಗಳು ಒಂದೆಡೆ ಸೇರುತ್ತವೆ. ಬನ್ನಿ ಮುಡಿಯುವ ಮುನ್ನ ‘ಅಂಬು ಛೇದನ’ ನಡೆಯಬೇಕು. ನೆಟ್ಟ ಬಾಳೆಕಂದಿಗೆ ಕೆಲವೆಡೆ ಬಾಣ ಬಿಡುತ್ತಾರೆ. ಕೆಲವೆಡೆ ಹೆಸರಷ್ಟೇ ಅಂಬಿನದು, ಕೆಲಸ ಕತ್ತಿಯದು. ಪಾಳೆಯಗಾರರ ಕಾಲ ಮುಗಿದ ಮೇಲೆ ಈ ಗೌರವ ಎಷ್ಟೋ ಊರುಗಳಲ್ಲಿ ತಹಶೀಲ್ದಾರರ ಪಾಲಿಗೆ ಬಂದಿದೆ. ಪೇಟ ಸುತ್ತಿಕೊಂಡ ಸಾಹೇಬರಿಗೆ ಗುರಿ ತಪ್ಪುವ ಭಯವಿಲ್ಲ. ಬಾಳೆ ಹತ್ತಿರದಲ್ಲೇ ಇರುತ್ತದೆ.

ತಾಪತ್ರಯ ಶುರುವಾಗುವುದು ಮನೆಗೆ ಬಂದ ಮೇಲೆ. ಅಟ್ಟದಲ್ಲೊಂದು ಹಳೆಯ ಬಿಲ್ಲಿರುವ ಮನೆಯಾದರೆ, ಹೈಸ್ಕೂಲಿನ ಹುಡುಗನೋ ಹುಡುಗಿಯೋ ಕೇಳಿಯೇ ಕೇಳುತ್ತಾರೆ: “ಅಪ್ಪಾಜಿ, ಅಜ್ಜನ ಬಿಲ್ಲಿಗೆ ಹೆದೆ ಕಟ್ಟಿ ಒಂದ್ಸಲ ಎಳೀಲಾ?”

ಈ ನೆಲಕ್ಕೆ ಬಿಲ್ಲು ಹೊಸದಲ್ಲ. ಚಿತ್ರದುರ್ಗದ ನಾಯಕರು ಬೇಡರ ಪಡೆ ಕಟ್ಟಿ ಆಳಿದವರು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಯುದ್ಧದ ಬಿಲ್ಲು ಹೋಯಿತು, ಬೇಟೆಯ ಬಿಲ್ಲು ಉಳಿಯಿತು. ಅದಕ್ಕೂ ಕೆಲಸವಿಲ್ಲದಂತಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಈಗ ಕೊಂಡುಕುರಿಗಳ ವನ್ಯಧಾಮ. ನಾಲ್ಕು ಕೊಂಬಿನ ಆ ಪುಟ್ಟ ಪ್ರಾಣಿಯ ಮೇಲೆ ಬಾಣ ಹೂಡುವುದು ಇಂದು ಅಪರಾಧ. ಹೀಗಾಗಿ ಅಟ್ಟದ ಬಿಲ್ಲು ತಾನಾಗಿ ನಿವೃತ್ತವಾದದ್ದಲ್ಲ, ಕಾನೂನು ನಿವೃತ್ತಿ ಕೊಟ್ಟದ್ದು.

ದಾವಣಗೆರೆಯಿಂದ ಹಳೆಯ ಪಿ.ಬಿ. ರಸ್ತೆ ಹಿಡಿದರೆ ಹದಿನಾಲ್ಕು ಕಿಲೋಮೀಟರಿಗೆ ಹರಿಹರ, ಪಕ್ಕದಲ್ಲೇ ತುಂಗಭದ್ರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ದೇವರ ಬಲಭಾಗ ಶಿವ, ಎಡಭಾಗ ವಿಷ್ಣು. ಇದೇ ತಾಲ್ಲೂಕಿನ ರಾಜನಹಳ್ಳಿಯಲ್ಲಿ ನಾಯಕ ಸಮಾಜದ ವಾಲ್ಮೀಕಿ ಗುರುಪೀಠವಿದೆ. ಎರಡನ್ನೂ ಒಂದೇ ದಿನ ನೋಡಿ ಬರುವವರಿಗೆ ವಾಲ್ಮೀಕಿಯ ಬಾಲಕಾಂಡದ ಒಂದು ಪ್ರಸಂಗ ನೆನಪಾಗದೆ ಇರದು.

ಅಲ್ಲಿ ಹರಿಗೂ ಹರನಿಗೂ ಪೈಪೋಟಿ. ವಿಶ್ವಕರ್ಮ ಮಾಡಿದ ಎರಡು ಬಿಲ್ಲುಗಳು. ವಿಷ್ಣುವಿನ ಹುಂಕಾರಕ್ಕೆ ಶಿವಧನುಸ್ಸು ಜಡವಾಯಿತು. ಶಿವ ಅದನ್ನು ವಿದೇಹದ ದೇವರಾತನಿಗೆ ಕೊಟ್ಟ. ಅದು ತಲೆಮಾರುಗಳ ನಂತರ ಜನಕನ ಮನೆಯಲ್ಲಿ ಎಂಟು ಗಾಲಿಯ ಕಬ್ಬಿಣದ ಪೆಟ್ಟಿಗೆಯೊಳಗೆ ಪೂಜೆಗೊಳ್ಳುತ್ತಿತ್ತು. ರಾಮ ಹೆದೆಯೇರಿಸಿ ಎಳೆದ, ನಡುವೆ ಮುರಿಯಿತು. ವಿಷ್ಣುವಿನ ಬಿಲ್ಲು ಋಚೀಕನಿಂದ ಜಮದಗ್ನಿಗೆ, ಅವನಿಂದ ಪರಶುರಾಮನಿಗೆ ಬಂತು. ಅದನ್ನೂ ರಾಮ ಎಳೆದ, ಅದು ಮುರಿಯಲಿಲ್ಲ. ಆದರೂ ಅದನ್ನು ತನ್ನಲ್ಲಿ ಇಟ್ಟುಕೊಳ್ಳದೆ ವರುಣನಿಗೆ ಒಪ್ಪಿಸಿದ. ಮುರಿದದ್ದು ಪೆಟ್ಟಿಗೆಯಲ್ಲಿದ್ದ ಬಿಲ್ಲು ಎಂಬುದನ್ನು ಗಮನಿಸಿ.

ಬಡಗಿಯನ್ನು ಕೇಳಿದರೂ ಅದನ್ನೇ ಹೇಳಿಯಾನು. ಬಿಲ್ಲು ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ವರ್ಷಗಟ್ಟಲೆ ಒಲೆಯ ಶಾಖದಲ್ಲಿ ಒಣಗಿದ ಬಿದಿರಿಗೆ ಆ ಹಿಗ್ಗುವ ಗುಣ ಕಡಿಮೆ. ಹುಳು ಒಳಗೆ ಹಿಟ್ಟು ಮಾಡಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಹತ್ತಿಯ ಊರಿನವರಿಗೆ ಸುಲಭದ ಪರೀಕ್ಷೆಯೊಂದಿದೆ: ಒಂದು ಹಿಡಿ ಅರಳೆಯನ್ನು ಬಿಲ್ಲಿನ ಉದ್ದಕ್ಕೂ ಮೆಲ್ಲಗೆ ಸವರಿ. ಎಳೆ ಸಿಕ್ಕಿಕೊಂಡಲ್ಲಿ ಸೀಳಿದೆ ಎಂದರ್ಥ. ಆದರೆ ಎಳೆ ಸಿಕ್ಕದಿದ್ದರೆ ಬಿಲ್ಲು ಗಟ್ಟಿ ಎಂದೇನೂ ಅಲ್ಲ. ಬಿಲ್ಲು ಮುರಿಯುವುದು ಸಾಮಾನ್ಯವಾಗಿ ಪೂರ್ತಿ ಎಳೆದಾಗ, ಅಂದರೆ ಹುಡುಗನ ಮುಖ ಅದರ ಹತ್ತಿರವೇ ಇರುವಾಗ. ಹಿಗ್ಗದ ಹೊಸ ನೂಲಿನ ಹೆದೆ ಕಟ್ಟಿದರೆ ಪೆಟ್ಟು ಇನ್ನೂ ಜೋರು. ಬಾಣವಿಲ್ಲದೆ ಹೆದೆ ಎಳೆದು ಬಿಡುವುದಂತೂ ಒಳ್ಳೆಯ ಬಿಲ್ಲಿಗೂ ಕೂಡದು. ಬಾಣದೊಡನೆ ಹೋಗಬೇಕಾದ ಬಲವೆಲ್ಲ ಬಿಲ್ಲಿನ ತೋಳುಗಳಿಗೇ ಬಡಿಯುತ್ತದೆ.

ಹಾಗೆಂದು ಮಕ್ಕಳ ಆಸೆಗೆ ತಣ್ಣೀರೆರಚಬೇಕಿಲ್ಲ. ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಇಂಡಿಯನ್ ರೌಂಡ್’ ಎಂಬ ವಿಭಾಗ ಬಿದಿರಿನ ಬಿಲ್ಲಿಗೆಂದೇ ಇದೆ. ಅದಕ್ಕೆ ಹೊಸ ಬಿಲ್ಲು ಕೊಳ್ಳಬಹುದು. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾರಾಮ್ ಬಿದಿರ ಬಿಲ್ಲಿನಲ್ಲೇ ಕೈ ಪಳಗಿಸಿ, 1988ರಿಂದ ಮೂರು ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕಾಗಿ ಆಡಿದರು. ಅಲ್ಲಿ ಅವರ ಕೈಯಲ್ಲಿದ್ದುದು ಆಧುನಿಕ ಬಿಲ್ಲು, ಕಲಿಸಲು ತರಬೇತುದಾರರಿದ್ದರು.

ಅಜ್ಜನ ಬಿಲ್ಲಿಗೆ ಹೆದೆ ಇಳಿಸಿ, ಬಿಸಿಲೂ ಒಲೆಯೂ ತಾಗದ ಗೋಡೆಯಲ್ಲಿ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿ. ಆಯುಧಪೂಜೆಗೆ ಇಳಿಸಿದಾಗ ಒರೆಸಿ, ಕುಂಕುಮವಿಟ್ಟು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿದಿರು ಯಾವ ಕಾಡಿನದು, ಕೆತ್ತಿದವರು ಯಾರು, ಹೆದೆ ಯಾವ ನಾರಿನದು, ಕೊನೆಯ ಬಾಣ ಯಾವಾಗ ಬಿಟ್ಟದ್ದು ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ.