ಓಬಳಾಪುರದ ಜೀಪು ಹೇಳಿದ ನಿಜ

ಬಳ್ಳಾರಿಯಿಂದ ರಾಯದುರ್ಗದ ಕಡೆಗೆ ಹೊರಟ ರೈಲು ಕೆಂಪು ಬೆಟ್ಟಗಳ ಮಗ್ಗುಲಿಗೆ ಬಂದಾಗ ಓಬಳಾಪುರ ಸಿಕ್ಕುತ್ತದೆ. ಭೂಪಟದಲ್ಲಿ ಅದು ಆಂಧ್ರದ ಅನಂತಪುರ ಜಿಲ್ಲೆಯ ಊರು. ಬೀದಿಯಲ್ಲಿ ನಿಂತು ಕಿವಿಗೊಟ್ಟರೆ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಕೇಳಿಸುತ್ತವೆ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅಂದಿನಿಂದ ನಮ್ಮ ತಾಯಿಯ ತವರು ಬೇರೆ ರಾಜ್ಯವಾಯಿತೇ ಹೊರತು ಬೇರೆ ಮನೆಯಾಗಲಿಲ್ಲ.

ಕಳೆದ ಕಾರ್ತಿಕದಲ್ಲಿ ನಾವು ಅಲ್ಲಿಗೆ ಹೋದದ್ದು ಒಂದು ಜೀಪಿನ ನಿಮಿತ್ತ. ಸೋದರಮಾವನವರ ದನದ ಕೊಟ್ಟಿಗೆಯ ಪಕ್ಕದಲ್ಲಿ ಅದು ಬಹುಕಾಲದಿಂದ ನಿಂತಿದೆ. ಯುದ್ಧ ಮುಗಿದ ಮೇಲೆ ಅಜ್ಜನವರು ಕೊಂಡು, 1948ರಲ್ಲಿ ನೋಂದಾಯಿಸಿದ್ದು. ಆಗ ಓಬಳಾಪುರವೂ ಬಳ್ಳಾರಿಯೂ ಮದರಾಸು ಪ್ರಾಂತ್ಯದ ಒಂದೇ ಜಿಲ್ಲೆಯಲ್ಲಿದ್ದವು. ಆ ಕಾಲದ ಸಂಖ್ಯೆಯ ಫಲಕ ಇಂದಿಗೂ ಅದರ ಮುಂದಿದೆ.

2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ನಿಯಮವೊಂದನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದೆ ಮೂಲರೂಪದಲ್ಲಿರಬೇಕು. ಹೊಸದಾಗಿ ನೋಂದಾಯಿಸಿದವಕ್ಕೆ ‘ವಿ.ಎ.’ ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ; ಮೊದಲೇ ನೋಂದಣಿಯಾದವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆ ಹಳೆಯ ಸಂಖ್ಯೆ ಉಳಿಯಲೆಂಬುದೇ ಮಾವನವರ ಆಸೆ. ಜಿಲ್ಲೆ ಒಂದಾಗಿದ್ದ ಕಾಲದ ಗುರುತು ಆ ಮನೆಯಲ್ಲಿ ಅದೊಂದೇ.

ಬಳ್ಳಾರಿಯಿಂದ ನಮ್ಮೊಡನೆ ಒಬ್ಬ ವೃದ್ಧ ಮಿಸ್ತ್ರಿ ಬಂದಿದ್ದರು. ಅವರು ಮೊದಲು ನೋಡಿದ್ದು ಅಂಕೆಯನ್ನಲ್ಲ, ಮುಂಭಾಗದ ಜಾಲರಿಯನ್ನು. ಅದರಲ್ಲಿ ಒಂಬತ್ತು ಸೀಳುಗಳಿದ್ದರೆ ಯುದ್ಧಕಾಲದ ಜೀಪು, ಏಳಿದ್ದರೆ ಯುದ್ಧಾನಂತರ ನಾಗರಿಕರಿಗಾಗಿ ವಿಲ್ಲಿಸ್ ಕಂಪನಿ ಮಾಡಿದ್ದು. ನಮ್ಮದರಲ್ಲಿ ಒಂಬತ್ತಿದ್ದವು. ‘‘ಜಾಲರಿ ಬದಲಾಗಬಹುದು, ಇಷ್ಟಕ್ಕೇ ನಂಬಬಾರದು’’ ಎನ್ನುತ್ತ ಅವರು ಜೀಪಿನ ಕೆಳಗೆ ತೂರಿದರು. 1941ರಿಂದ 1945ರವರೆಗೆ ಒಂದೇ ಮಾದರಿಯ ಜೀಪನ್ನು ವಿಲ್ಲಿಸ್, ಫೋರ್ಡ್ ಎಂಬ ಎರಡು ಕಂಪನಿಗಳು ಆರು ಲಕ್ಷಕ್ಕೂ ಮಿಗಿಲಾಗಿ ತಯಾರಿಸಿದವು. ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡನೆಯ ಕೊಳವೆಯಾಗಿದ್ದರೆ ವಿಲ್ಲಿಸ್. ತಿರುವಿ ಹಾಕಿದ ದೋಣಿಯಂತೆ ಚೌಕವಾಗಿದ್ದರೆ ಫೋರ್ಡ್. ಇದು ಚೌಕವಾಗಿತ್ತು. ಎಪ್ಪತ್ತು ವರ್ಷದಿಂದ ಮನೆಯವರೆಲ್ಲ ‘ವಿಲ್ಲಿಸ್’ ಎಂದು ಕರೆದದ್ದು ಫೋರ್ಡ್ ಎಂದಾಯಿತು!

ವಿಲ್ಲಿಸ್ ಆದರೆ ಚಾಸಿಯ ಸಂಖ್ಯೆ ಎಡಗಡೆಯ ಪಟ್ಟಿಯ ಒಳಮೈಗೆ ಬಡಿದ ಸಣ್ಣ ತಗಡಿನ ಮೇಲಿರುತ್ತದೆ. ಫೋರ್ಡ್‌ನಲ್ಲಿ ಹಾಗಲ್ಲ, ಎಡಪಟ್ಟಿಯ ಮೇಲ್ಮೈಗೇ ಅಚ್ಚೊತ್ತಿರುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದಾಗ ಬಣ್ಣದ ಪದರುಗಳ ಕೆಳಗಿಂದ ‘ಜಿ.ಪಿ.ಡಬ್ಲ್ಯು.’ ಎಂಬ ಅಕ್ಷರಗಳೂ ಅಂಕೆಗಳೂ ಮೂಡಿದವು. ‘ಜಿ’ ಎಂದರೆ ಸರಕಾರದ ಗುತ್ತಿಗೆ, ‘ಪಿ’ ಎಂದರೆ ಚಕ್ರಗಳ ನಡುವೆ 80 ಅಂಗುಲ, ‘ಡಬ್ಲ್ಯು’ ಎಂದರೆ ವಿಲ್ಲಿಸ್‌ನ ನಕ್ಷೆ. ನೋಂದಣಿ ಪುಸ್ತಕದ ಚಾಸಿ ಸಂಖ್ಯೆಯೂ ಅದೇ. ಮಾವನವರ ಮುಖ ಅರಳಿತು.

ಆದರೆ ಎಂಜಿನ್ನಿನ ಬಲಮಗ್ಗುಲಲ್ಲಿ, ಆಯಿಲ್ ಫಿಲ್ಟರಿನ ಹಿಂದೆ ಇದ್ದ ಸಂಖ್ಯೆ ಬೇರೆಯಾಗಿತ್ತು; ಅದರ ಮೊದಲಿಗೆ ವಿಲ್ಲಿಸ್‌ನ ‘ಎಂ.ಬಿ.’ ಅಕ್ಷರಗಳು. ವಿಲ್ಲಿಸ್ ಜೀಪಿನಲ್ಲಿ ಚಾಸಿಯ ಸಂಖ್ಯೆಗೂ ಎಂಜಿನ್ನಿನ ಸಂಖ್ಯೆಗೂ ಹೊಂದಿಕೆಯಿರಬೇಕಾಗಿಲ್ಲ. ಫೋರ್ಡ್‌ನಲ್ಲಿ ಮಾತ್ರ ಕಾರ್ಖಾನೆಯಲ್ಲಿ ಎರಡಕ್ಕೂ ಒಂದೇ ಸಂಖ್ಯೆ. ಅಂದಮೇಲೆ ಎಂಜಿನ್ನು ಬದಲಾದದ್ದು ಖಚಿತ. ಅಜ್ಜನವರ ಕಾಲದಲ್ಲೇ ಹಳೆಯದು ಬಿರುಕುಬಿಟ್ಟು, ಬಳ್ಳಾರಿಯ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸಿದ್ದು ಆಗ ಮಾವನವರಿಗೆ ನೆನಪಾಯಿತು. ಪುಸ್ತಕದಲ್ಲಿ ಅದನ್ನು ಬರೆಸಿರಲಿಲ್ಲ.

ಜೀಪನ್ನು ಕೊಳ್ಳುವ ಆಸೆಯಿಂದ ಬಂದು ಕೂತಿದ್ದ ದಲ್ಲಾಳಿಯೊಬ್ಬ ನಕ್ಕು, ‘‘ಅರ್ಧ ದಿನದ ಕೆಲಸ ಯಜಮಾನರೇ. ಈ ಅಂಕೆ ಅರೆದು ಚಾಸಿ ನಂಬರೇ ಹೊಡೆಸಿದರಾಯಿತು. ಬೆಲೆಯೂ ಎರಡರಷ್ಟು ಬರ್ತದೆ’’ ಎಂದ.

ಮಾವನವರು ಬಹಳ ಹೊತ್ತು ಬೆಟ್ಟದ ಕಡೆ ನೋಡಿದರು. ಆ ಬೆಟ್ಟಗಳಲ್ಲಿ ಅದಿರಿನ ಗಣಿಗಾರಿಕೆಯ ಭರದಲ್ಲಿ ರಾಜ್ಯದ ಗಡಿಗುರುತುಗಳೇ ಅಳಿದು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರ್ವೇಕ್ಷಣ ಇಲಾಖೆಯವರು ಗಡಿಯನ್ನು ಮತ್ತೆ ಅಳೆಯಬೇಕಾಯಿತು. 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಳನ್ನೇ ಆ ನ್ಯಾಯಾಲಯ ನಿಲ್ಲಿಸಿದ್ದನ್ನು ವಾಚಕರು ಮರೆತಿರಲಾರರು.

‘‘ನೋಡಪ್ಪಾ,’’ ಎಂದರು ಮಾವನವರು, ‘‘ಗುರುತು ಅಳಿಸಿದ್ದಕ್ಕ ಈ ಊರ ಹೆಸರು ದೇಶದ ತುಂಬ ಕೆಟ್ಟೈತಿ. ಅದೇ ಕೆಲಸಾನ ನಮ್ಮ ಅಂಗಳದಾಗ ಮಾಡ್ಲೇನು?’’ ದಲ್ಲಾಳಿ ಚಹಾ ಮುಗಿಸಿ ಎದ್ದುಹೋದ.

ಮಿಸ್ತ್ರಿಯವರು ಎರಡು ಸಂಖ್ಯೆಗಳ ಮೇಲೂ ತೆಳುಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಟ್ಟರು. ಹಳೆಯ ವಾಹನವುಳ್ಳ ನಮ್ಮ ಓದುಗರೂ ಇದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಒಳಗಿನ ತಗಡಿನ ಫಲಕಗಳು ಹೊಸದಾಗಿಯೂ ಸಿಕ್ಕುತ್ತವೆ, ಬಣ್ಣವಂತೂ ಯಾವಾಗಲೂ ಹೊಸದೇ. ಕಬ್ಬಿಣಕ್ಕೆ ಒತ್ತಿದ ಅಂಕೆಯನ್ನೇ ಮೊದಲು ನೋಡಬೇಕು. ಅಂಕೆಯ ಸುತ್ತ ಅರೆದ ಗೀರುಗಳಿದ್ದರೆ ಸಂದೇಹಪಡಬೇಕು.

ಎಂಜಿನ್ನು ಬದಲಾದ ವಿಷಯವನ್ನು ಇದ್ದಂತೆಯೇ ಬರೆದು ಮಾವನವರು ಅರ್ಜಿ ಸಿದ್ಧಪಡಿಸಿದರು. ಅಧಿಕಾರಿಗಳು ಒಪ್ಪುವರೋ ಇಲ್ಲವೋ, ಹಳೆಯ ಸಂಖ್ಯೆ ಉಳಿಯುವುದೋ ಇಲ್ಲವೋ, ಆ ಮಾತು ಬೇರೆ. ಸಂಜೆಯ ರೈಲಿಗೆ ನಮ್ಮನ್ನು ಕಳಿಸಲು ಬಂದ ಅವರ ಜೇಬಿನಲ್ಲಿ ಆ ಎರಡು ಪೆನ್ಸಿಲಿನ ಅಚ್ಚುಗಳು ಮಡಿಚಿಕೊಂಡಿದ್ದವು. ಒಂದಕ್ಕೊಂದು ಹೊಂದದ ಸಂಖ್ಯೆಗಳು; ಆದರೂ ಎರಡೂ ನಿಜ.