ಹೊಸ್ತಿಲಾಚೆಯ ಇಲಾಚಿ

ಉರ್ದು ಓದುವಾಗ ನನಗೆ ಮೊದಲು ಸಿಕ್ಕ ನಾಯಿಗಳು ಪತ್ರಸ್ ಬುಖಾರಿಯವರ ‘ಕುತ್ತೇ’ ಎಂಬ ಹಾಸ್ಯ ಪ್ರಬಂಧದವು. ರಾತ್ರಿ ಬೀದಿಯಲ್ಲಿ ಮುಷಾಯಿರಾ ನಡೆಸುವ ನಾಯಿಗಳು. ಕನ್ನಡಕ್ಕೆ ಬಂದ ಮೇಲೆ ತೇಜಸ್ವಿಯವರ ‘ಕರ್ವಾಲೊ’ದ ಕಿವಿ ಸಿಕ್ಕಿತು. ಎರಡೂ ಭಾಷೆಗಳಲ್ಲಿ ನಾಯಿಯನ್ನು ಓದಿ ಸಂತೋಷಪಟ್ಟವಳು ನಾನು. ಆದರೆ ಆ ನಾಯಿಗಳು ನಡುಮನೆಯಲ್ಲಿ ಉಚ್ಚೆ ಹೊಯ್ದಾಗ ಬಟ್ಟೆ ತಂದು ಒರೆಸಿದವರು ಯಾರು ಎಂದು ಓದಿದ ನೆನಪಿಲ್ಲ. ಪುಸ್ತಕದ ನಾಯಿಗೂ ಮನೆಯ ನಾಯಿಗೂ ಇರುವ ವ್ಯತ್ಯಾಸ ಅದೇ ಇರಬೇಕು.

ನಮ್ಮದು ಶಿವಮೊಗ್ಗದ ಹಳೆಯ ಮನೆ. ರೆಡ್ ಆಕ್ಸೈಡ್ ನೆಲ, ಮುಂದೆ ಹಜಾರ, ಪಕ್ಕದಲ್ಲಿ ನಮಾಜಿನ ಕೋಣೆ, ಹಿಂದೆ ಪಡಸಾಲೆ, ಅದರಾಚೆ ಹಿತ್ತಲು. ಕಳೆದ ವರ್ಷ ಜನವರಿಯ ಕೊನೆಯಲ್ಲಿ ಬೆಂಗಳೂರಿನಲ್ಲಿ ಓದುವ ಮಗಳು ರೈಲಿಳಿದು ಬಂದಾಗ ಅವಳ ಕೈಯಲ್ಲೊಂದು ಪ್ಲಾಸ್ಟಿಕ್ ಬುಟ್ಟಿ. ಬುಟ್ಟಿಯಲ್ಲಿ ಹಳೆಯ ಟವೆಲ್ಲು. ಟವೆಲ್ಲಿನೊಳಗೆ ಅಂಗೈಯಷ್ಟು ಗಾತ್ರದ, ಉಣ್ಣೆಯ ಉಂಡೆಯಂಥ ಒಂದು ಜೀವ. ಗೆಳತಿಗೆ ಯಾರೋ ಹುಟ್ಟುಹಬ್ಬಕ್ಕೆ ಕೊಟ್ಟ ಟಾಯ್ ಪಾಮೇರಿಯನ್ ಹೆಣ್ಣುಮರಿ, ಪಿ.ಜಿ.ಯವರು ಒಂದೇ ರಾತ್ರಿಗೆ ಹೊರಗೆ ಹಾಕಿದ್ದರು. “ಎರಡು ವಾರ ಅಷ್ಟೇ ಅಮ್ಮಾ” ಎಂದಳು. ಎರಡು ವಾರಕ್ಕೆಂದು ಬಂದವರು ನಮ್ಮ ಮನೆಯಲ್ಲಿ ಎಷ್ಟು ವರ್ಷ ಇದ್ದು ಹೋಗಿದ್ದಾರೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ನನ್ನ ಅತ್ತೆ, ಎಂಬತ್ತರ ಹತ್ತಿರದ ಅಮ್ಮಿಜಾನ್, ತಸ್ಬೀಹ್ ಹಿಡಿದ ಕೈಯನ್ನು ಎದೆಗೊತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. “ಘರ್ ಮೆಂ ನಕ್ಕೋ” ಎಂದರು. ಮನೆಯೊಳಗೆ ಬೇಡ. ಅಷ್ಟೇ. ಅವರು ಕೂಗಾಡುವವರಲ್ಲ.

ಅವರ ಆಕ್ಷೇಪವನ್ನು ಹಳೆಯ ಕಾಲದವರ ಮಡಿ ಎಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ನಾಯಿ ಇರುವ ಮನೆಗೆ ಮಲಕ್‌ಗಳು ಬರುವುದಿಲ್ಲ ಎಂಬ ಹದೀಸನ್ನು ಕೇಳುತ್ತಲೇ ನಾವೆಲ್ಲ ಬೆಳೆದದ್ದು. ಬೇಟೆಗೆ, ಮಂದೆ ಕಾಯಲು, ಹೊಲ ಕಾಯಲು ನಾಯಿ ಸಾಕಬಹುದು. ಸುಮ್ಮನೆ ಸಾಕಿದರೆ ದಿನದಿನವೂ ಪುಣ್ಯದಲ್ಲಿ ಕಡಿತ. ಇದನ್ನು ನೆನಪಿಸಲೆಂದೇ ನಮ್ಮ ಯಜಮಾನರ ಮಾಮೂ ಮರುದಿನ ಬಂದರು. ಇವರು ಮೆಲ್ಲಗೆ “ಕಾವಲಿಗೆ ಆಗುತ್ತದೆ ಮಾಮೂ” ಎಂದರು. ಮಾಮೂ ಬುಟ್ಟಿಯೊಳಗೆ ಇಣುಕಿದರು. ನಾವು ಬೆಳಿಗ್ಗೆಯಷ್ಟೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದ್ದೆವು. ನಾನೂರ ಎಂಬತ್ತು ಗ್ರಾಂ. “ಇದನ್ನು ಯಾರು ಕಾಯುತ್ತಾರೆ, ಅದು ಹೇಳು” ಎಂದು ಎದ್ದು ಹೋದವರು ಎರಡು ತಿಂಗಳು ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ.

ಪಶುವೈದ್ಯರು ಮರಿಯ ತುಟಿ ಎತ್ತಿ ಹಲ್ಲು ನೋಡಿದರು. ಮಾರಿದವನು ಎರಡು ತಿಂಗಳೆಂದು ಹೇಳಿದ್ದನಂತೆ. “ಆರು ವಾರವೂ ತುಂಬಿಲ್ಲ” ಎಂದರು ವೈದ್ಯರು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರಲ್ಲೇ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಆದರೆ ಮರಿ ಚಿಕ್ಕದಿದ್ದಷ್ಟೂ ಮುದ್ದು, ಮುದ್ದಿದ್ದಷ್ಟೂ ಬೆಲೆ. ಮಾರುವವನಿಗೆ ಗೊತ್ತಿರುವುದು ಆ ನಿಯಮ.

ಅಂದು ವೈದ್ಯರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಬಹಳ ದಿನ ಸುತ್ತುತ್ತಿತ್ತು. ಹುಟ್ಟಿದ ಮೊದಲ ವಾರಗಳಲ್ಲಿ ನಾಯಿಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸಬೇಕು, ತಾನೇ ಶುಚಿ ಮಾಡಬೇಕು. ಸುಮಾರು ಮೂರು ವಾರವಾಗಿ ಕಾಲು ಬಲಿಯುತ್ತಲೂ ಮರಿ ಮಲಗುವ ಜಾಗ ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಹೊಯ್ಯತೊಡಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಮಲಗುವ ಕಡೆ ಹೊಲಸು ಮಾಡಬಾರದೆಂಬುದು ಅದರ ರಕ್ತದಲ್ಲೇ ಇದೆ. ನಾಯಿಗೆ ಮನೆಯ ಶಿಸ್ತು ಕಲಿಸುವುದೆಂದರೆ ಈ ಹುಟ್ಟುಗುಣವನ್ನೇ ಸ್ವಲ್ಪ ಹಿಗ್ಗಿಸುವುದು, ‘ನಿನ್ನ ಹಾಸಿಗೆಯಷ್ಟೇ ಅಲ್ಲ, ಈ ಇಡೀ ಮನೆ ಮಲಗುವ ಜಾಗ’ ಎಂದು ತಿಳಿಸಿಕೊಡುವುದು. ಆದರೆ ನಮ್ಮ ಮರಿಯನ್ನು ನಾಲ್ಕನೆಯ ವಾರಕ್ಕೋ ಐದನೆಯ ವಾರಕ್ಕೋ ತಾಯಿಯಿಂದ ಕಿತ್ತು ಗೇಣುದ್ದದ ಪಂಜರದಲ್ಲಿ ಇಟ್ಟಿದ್ದರು. ಅಲ್ಲಿ ಆಚೆ ಹೋಗಲು ಆಚೆಯೇ ಇಲ್ಲ. ಉಂಡಲ್ಲೇ ಹೊಯ್ದು, ಹೊಯ್ದಲ್ಲೇ ಮಲಗಿ, ಆ ಗುಣವೇ ಮಂಕಾಗಿತ್ತು. ನಮ್ಮಲ್ಲಿಗೆ ಬಂದ ಮೊದಲ ವಾರ ಒದ್ದೆ ಟವೆಲ್ಲಿನ ಮೇಲೆ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿತ್ತು. ನಾಪಾಕ್, ನಾಪಾಕ್ ಎಂದು ನಾವು ಹೇಳುವ ಪ್ರಾಣಿ ಹುಟ್ಟಿನಿಂದ ಶುಚಿಯಾಗಿತ್ತು. ಅದನ್ನು ಹೊಲಸಿಗೆ ಒಗ್ಗಿಸಿದ್ದು ಮನುಷ್ಯರು, ಅದೂ ದುಡ್ಡಿಗಾಗಿ.

ಮಗಳು ಅದಕ್ಕೆ ಇಲಾಚಿ ಎಂದು ಹೆಸರಿಟ್ಟು ಬೆಂಗಳೂರಿಗೆ ವಾಪಸು ಹೋದಳು. ಒರೆಸುವವಳಾಗಿ ನಾನು ಉಳಿದೆ. ಪ್ರಾಣಿಯನ್ನು ಪ್ರೀತಿಸುವವರು ಒಬ್ಬರು, ಅದರ ಉಚ್ಚೆ ಒರೆಸುವವರು ಇನ್ನೊಬ್ಬರು ಎಂಬ ಏರ್ಪಾಡು ಎಲ್ಲ ಧರ್ಮದ ಮನೆಗಳಲ್ಲೂ ಇದೆ ಎಂದು ಕೇಳಿಬಲ್ಲೆ.

ಇತ್ಯರ್ಥ ಮಾಡಿದವರು ಅಮ್ಮಿಜಾನ್ ಅವರೇ. ಗುಹೆಯವರ ಕಥೆಯಲ್ಲಿ ಒಂದು ನಾಯಿ ಇದೆಯಲ್ಲ, ಅಸ್‌ಹಾಬೆ ಕಹ್ಫ್‌ರ ಜೊತೆಗಿದ್ದದ್ದು. ಮುಂಗಾಲು ಚಾಚಿ ಹೊಸ್ತಿಲಲ್ಲಿ ಮಲಗಿತ್ತೆಂದು ಕುರ್‌ಆನಿನಲ್ಲೇ ಬರುತ್ತದೆ. “ಹೊಸ್ತಿಲಲ್ಲಿ ಇತ್ತು, ಒಳಗಲ್ಲ” ಎಂದರು ಅಮ್ಮಿಜಾನ್. ಹಿಂದಿನ ಪಡಸಾಲೆ ಇಲಾಚಿಗೆ. ಅಲ್ಲಿಂದ ಹಜಾರಕ್ಕೆ ಬರುವ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ನಿಂತಿತು. ಎಳೆಯ ಮರಿಗೆ ಇಡೀ ಮನೆ ಬಿಡಬೇಡಿ, ಒಂದು ಸಣ್ಣ ಜಾಗ ಕೊಡಿ, ಒಂದು ತುದಿಯಲ್ಲಿ ಹಾಸಿಗೆ, ಇನ್ನೊಂದು ತುದಿಯಲ್ಲಿ ಕಾಗದ ಎಂದು ವೈದ್ಯರೂ ಹೇಳಿದ್ದರು. ಶರೀಯತ್ತೂ ವೈದ್ಯಶಾಸ್ತ್ರವೂ ಒಂದೇ ಹಲಗೆಯನ್ನು ತೋರಿಸಿದವು.

ಬೀದಿಗೆ ಕರೆದೊಯ್ಯುವಂತಿರಲಿಲ್ಲ. ಪಾರ್ವೊ ರೋಗದ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಹದಿನಾರು ವಾರದವರೆಗಿನ ಚುಚ್ಚುಮದ್ದುಗಳು ಮುಗಿಯದೆ ಬೇರೆ ನಾಯಿಗಳು ಓಡಾಡಿದ ನೆಲ ಮೆಟ್ಟಿಸಬಾರದು. ಹಾಗಾಗಿ ಕಾಗದವೇ ಗತಿ. ಆದರೆ ಯಾವ ಕಾಗದ? ಉರ್ದು ಪತ್ರಿಕೆಯನ್ನು ನಮ್ಮ ಮನೆಗಳಲ್ಲಿ ನೆಲಕ್ಕೆ ಹಾಸುವುದಿಲ್ಲ. ಯಾವ ಮೂಲೆಯಲ್ಲಿ ಅಲ್ಲಾಹನ ಹೆಸರಿದೆಯೋ. ಕನ್ನಡ ಪತ್ರಿಕೆ ತಂದೆ, ಕೈ ಬರಲಿಲ್ಲ. ಅ ಆ ಇ ಈ ಕಲಿಸಿದ ಮೇಷ್ಟರು ಕಾಲಿಗೆ ಪುಸ್ತಕ ತಾಗಿದರೆ ಕಣ್ಣಿಗೊತ್ತಿಕೊಳ್ಳಲು ಹೇಳಿದ್ದರು, ಆ ಅಭ್ಯಾಸ ಹೋಗಿಲ್ಲ. ಕೊನೆಗೆ ಮಗಳು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳನ್ನು ಹಾಸಿದೆ. ಅಮ್ಮಿಜಾನ್ ಕನ್ನಡಕ ಹಾಕಿಕೊಂಡು ದೂರದಿಂದಲೇ, “ಅದರಲ್ಲಿ ಸತ್ತವರ ಪುಟ ಇರುತ್ತದಲ್ಲ, ಅಬ್ದುಲ್, ಮುಹಮ್ಮದ್ ಅಂತ ಹೆಸರು ಇರುವುದಿಲ್ಲವೇ?” ಎಂದರು. ಉತ್ತರವಿರಲಿಲ್ಲ. ನನ್ನ ಕಥಾಸಂಕಲನ ಅಚ್ಚು ಮಾಡಿದ್ದ ಪ್ರೆಸ್ಸಿಗೆ ಹೋಗಿ ಕತ್ತರಿಸಿ ಉಳಿದ ಬಿಳಿ ನ್ಯೂಸ್‌ಪ್ರಿಂಟಿನ ಒಂದು ಕಟ್ಟು ತಂದೆ. “ಹೊಸ ಪುಸ್ತಕವೇ ಮೇಡಂ?” ಎಂದರು ಪ್ರೆಸ್ಸಿನವರು. ಇಲ್ಲ, ನಾಯಿಗೆ ಎಂದೆ.

ಅದು ಕಥೆಯ ಟಿಪ್ಪಣಿಗೆಂದು ಇಟ್ಟುಕೊಂಡ ನೋಟ್‌ಬುಕ್ಕಿಗೂ ಬಂತು. ‘6-10 ಎದ್ದಿತು, ಕಾಗದ. 6-40 ಗಂಜಿ. 6-55 ನೆಲ.’ ಹೀಗೆ ಪುಟಗಟ್ಟಲೆ. ಒಂದು ವಾರ ಬರೆದ ಮೇಲೆ ನೋಡಿದರೆ ಗೊಂದಲದೊಳಗೆ ಒಂದು ತಾಳ ಕಾಣಿಸಿತು. ನಿದ್ದೆಯಿಂದ ಎದ್ದ ಕೂಡಲೇ ಒಮ್ಮೆ, ತಿಂದ ಹದಿನೈದಿಪ್ಪತ್ತು ನಿಮಿಷಕ್ಕೆ ಒಮ್ಮೆ, ಆಟದ ನಡುವೆ ಥಟ್ಟನೆ ನಿಂತು ನೆಲ ಮೂಸಿ ಒಂದು ಸುತ್ತು ಹಾಕಿದರೆ ಆಗಲೇ. ಇವಲ್ಲದೆ ಹಗಲಲ್ಲಿ ಗಂಟೆಗೊಮ್ಮೆ. ಲಿಂಬೆಹಣ್ಣಿನಷ್ಟೂ ಇಲ್ಲದ ಮೂತ್ರಕೋಶದಲ್ಲಿ ಎಷ್ಟು ಹೊತ್ತು ನಿಂತೀತು! ದೊಡ್ಡ ತಳಿಯ ಮರಿ ಮೂರು ನಾಲ್ಕು ತಿಂಗಳಿಗೆ ಕಲಿತದ್ದನ್ನು ಈ ಸಣ್ಣ ತಳಿಯದು ಆರು ತಿಂಗಳು ಕಳೆದರೂ ಪೂರ್ತಿ ಕಲಿಯದೇ ಇರಬಹುದು. ಹಟವಲ್ಲ, ಅಳತೆ.

ಸರಿಯಾದ ಜಾಗದಲ್ಲಿ ಮುಗಿಸಿದ ಕ್ಷಣವೇ ಬೇಯಿಸಿದ ಕೋಳಿಯ ಕಡಲೆಕಾಳಿನಷ್ಟು ಚೂರು. ಅರ್ಧ ನಿಮಿಷ ತಡವಾದರೂ ಯಾಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ತಪ್ಪಾದ ಜಾಗದಲ್ಲಿ ಮಾಡಿದರೆ ಏನೂ ಇಲ್ಲ, ಮಾತಿಲ್ಲದೆ ಒರೆಸುವುದು. ಕೆಲಸಕ್ಕೆ ಬರುವ ಹೆಂಗಸು “ಮೂತಿ ಹಿಡಿದು ಅದರಲ್ಲೇ ಉಜ್ಜಿ ಅಕ್ಕಾ, ಬುದ್ಧಿ ಬರುತ್ತೆ” ಎಂದಳು. ಎಷ್ಟೋ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ಅದರಿಂದ ಮರಿಗೆ ತಿಳಿಯುವುದು ಒಂದೇ: ಮನುಷ್ಯರ ಕಣ್ಣೆದುರು ಹೊಯ್ಯಬಾರದು. ಆಮೇಲೆ ಅದು ಮಂಚದಡಿ, ಬಾಗಿಲ ಹಿಂದೆ ಹುಡುಕಿಕೊಂಡು ಹೋಗುತ್ತದೆ. ಫಿನಾಯಿಲೂ ಅಷ್ಟೇ, ಅದು ನಮ್ಮ ಮೂಗಿಗೆ ಹಾಕಿದ ಪರದೆ. ಮರಿಯ ಮೂಗಿಗೆ ಕೆಳಗಿನ ವಾಸನೆ ಹಾಗೇ ಇರುತ್ತದೆ, ಮೇಲಾಗಿ ಅದನ್ನು ನೆಕ್ಕಿದರೆ ವಿಷ. ನೀರಿನಲ್ಲಿ ತೊಳೆದು, ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸುತ್ತಿದ್ದೆ. ನೆಲದ ಹೊಳಪು ಹೋಯಿತು, ವಾಸನೆಯೂ ಹೋಯಿತು.

ಒಂದು ಸಂಜೆ ಮಂಗಳೂರು ಕಡೆಯ ಗೆಳತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅವರು ಶಾಫಿಗಳು. ನಾಯಿಯ ಬಾಯಿ ತಾಗಿದರೆ ಏಳು ಸಲ, ಅದರಲ್ಲೊಂದು ಸಲ ಮಣ್ಣು ಹಾಕಿ ತೊಳೆಯಬೇಕು. ನಾವು ಹನಫಿಗಳು; ಎಂಜಲು ನಾಪಾಕ್, ಮೂರು ಸಲ ತೊಳೆದರೆ ಸಾಕು. ಮಾಲಿಕಿಗಳಿಗೆ ನಾಯಿಯೇ ನಾಪಾಕ್ ಅಲ್ಲ. “ಮೊರಾಕ್ಕೋದಲ್ಲಿ ಹುಟ್ಟಿದ್ದರೆ ಆರಾಮಾಗಿ ಇರುತ್ತಿದ್ದೆ ನೋಡು” ಎಂದು ನಕ್ಕಳು. ನಾನು ಮಾತ್ರ ಬೇರೇನೋ ಯೋಚಿಸುತ್ತಿದ್ದೆ. ಉಚ್ಚೆಯ ಮಟ್ಟಿಗೆ ನಮ್ಮ ಮಝ್‌ಹಬಿನಲ್ಲಿ ನಾಯಿಮರಿಯದೂ ನಾಪಾಕ್, ಹೆತ್ತ ಮಗುವಿನದೂ ನಾಪಾಕ್. ಮಕ್ಕಳು ಚಿಕ್ಕವರಿದ್ದಾಗ ಮಡಿಲೆಲ್ಲ ಒದ್ದೆಯಾಗುತ್ತದೆಂದು ನಮಾಜಿಗೇ ಒಂದು ಜೊತೆ ಬಟ್ಟೆ ಗೂಟಕ್ಕೆ ತೂಗುಹಾಕಿ, ಐದು ಹೊತ್ತೂ ಬದಲಾಯಿಸಿ ನಿಂತವರು ನಾವು. ಮಗು ಒದ್ದೆ ಮಾಡಿತೆಂದು ಯಾರೂ ಮಲಕ್‌ಗಳ ಚಿಂತೆ ಮಾಡಲಿಲ್ಲ. ಆ ಹಳೆಯ ಗೂಟಕ್ಕೇ ಈಗ ಮತ್ತೆ ಒಂದು ಜೊತೆ ಬಟ್ಟೆ ಬಿತ್ತು.

ಫೆಬ್ರುವರಿಯ ಒಂದು ನಸುಕಿನಲ್ಲಿ ಇಲಾಚಿ ಏಳಲಿಲ್ಲ. ಎತ್ತಿದರೆ ಕತ್ತು ಜೋತುಬಿತ್ತು, ಕಾಲುಗಳು ಸಣ್ಣಗೆ ನಡುಗುತ್ತಿದ್ದವು. ಈ ಪುಟ್ಟ ತಳಿಯ ಎಳೆಯ ಮರಿಗಳ ಹೊಟ್ಟೆ ನಾಲ್ಕಾರು ಗಂಟೆ ಖಾಲಿ ಬಿದ್ದರೆ ರಕ್ತದಲ್ಲಿ ಸಕ್ಕರೆ ಕುಸಿಯುತ್ತದೆ, ಜೀವಕ್ಕೇ ಅಪಾಯ ಎಂದು ವೈದ್ಯರು ಎಚ್ಚರಿಸಿದ್ದರು. ರಾತ್ರಿ ತಿನಿಸಿದ್ದನ್ನು ಅದು ಕಕ್ಕಿತ್ತು. “ಶಹದ್!” ಎಂದು ನಾನು ಕೂಗಿದ್ದು ತಹಜ್ಜುದಿಗೆ ಎದ್ದಿದ್ದ ಅಮ್ಮಿಜಾನ್‌ಗೆ ಕೇಳಿಸಿತು. ಔಷಧಿಗೆಂದು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದ ಜೇನಿನ ಶೀಶೆ ತಂದರು. ಹಲಗೆಯ ಆಚೆ ನಿಂತು ಚಾಚಿದರು. ನನ್ನ ಎರಡೂ ಕೈ ಮರಿಯನ್ನು ಹಿಡಿದಿದ್ದವು. ಒಂದು ಗಳಿಗೆ ನಿಂತರು. ಆಮೇಲೆ ಹಲಗೆ ಸರಿಸಿ ಒಳಗೆ ಬಂದು, ಬೆರಳನ್ನು ಜೇನಿನಲ್ಲಿ ಅದ್ದಿ, ಮರಿಯ ವಸಡಿಗೆ ತಾವೇ ಸವರಿದರು. ಕೂಸಿಗೆ ಬಜೆ ನೆಕ್ಕಿಸುವ ಹಾಗೆ. ಹತ್ತು ನಿಮಿಷಕ್ಕೆ ಇಲಾಚಿಯ ನಾಲಿಗೆ ಅಲುಗಿತು. ಬೆಳಕು ಹರಿಯುತ್ತಲೂ ಆಸ್ಪತ್ರೆಗೆ ಓಡಿದೆವು, ಬದುಕಿತು.

ಅಮ್ಮಿಜಾನ್ ನಲ್ಲಿಯಡಿ ಕೈಯನ್ನು ಮೂರು ಸಲ ತೊಳೆದರು. ಅದರಿಂದ ವುಜೂ ಮುರಿಯುವುದಿಲ್ಲ, ಕೈ ತೊಳೆದರೆ ಸಾಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಹೊಸದಾಗಿ ವುಜೂ ಮಾಡಿ ಫಜರಿಗೆ ನಿಂತರು. ಆ ವಿಷಯ ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಫಜರಿಗೆ ಎದ್ದ ಕೂಡಲೇ ಪಡಸಾಲೆಯ ದೀಪ ಹಾಕುವ ಅಭ್ಯಾಸ ಅಂದಿನಿಂದ ಶುರುವಾಯಿತು. ಹಲಗೆಯ ಈಚೆ ನಿಂತು, ತುಟಿ ಸೇರಿಸಿ “ಸ್ಸ್ಸ್… ಸ್ಸ್ಸ್…” ಎನ್ನುವರು. ನನ್ನ ಮಕ್ಕಳನ್ನು ಎರಡೂ ಪಾದಗಳ ಮೇಲೆ ಕೂರಿಸಿಕೊಂಡು ಬಚ್ಚಲಲ್ಲಿ ಮಾಡುತ್ತಿದ್ದದ್ದು ಇದೇ ಸದ್ದು. ಇಂಥದೊಂದು ಸಂಕೇತ ಇಟ್ಟುಕೊಳ್ಳಿ, ಪ್ರತಿಸಲವೂ ಅದನ್ನೇ ಹೇಳಿ ಎಂದು ವೈದ್ಯರು ನನಗೆ ಹೇಳಿದ್ದರು. ನಾನು ಹುಡುಕಿಕೊಂಡಿದ್ದ ಇಂಗ್ಲಿಷ್ ಪದಕ್ಕೆ ಇಲಾಚಿ ಕಿವಿ ಕೊಟ್ಟಿರಲಿಲ್ಲ. ಅಮ್ಮಿಜಾನ್‌ರ ಸದ್ದಿಗೆ ಮೂರೇ ದಿನದಲ್ಲಿ ಕಾಗದದ ಕಡೆ ಹೊರಟಿತು. ಫಜರ್, ಜುಹರ್, ಅಸರ್, ಮಗ್ರಿಬ್, ಇಶಾ. ವುಜೂಗೆಂದು ಹಿತ್ತಲ ನಲ್ಲಿಗೆ ಹೋಗಿ ಬರುವಾಗೆಲ್ಲ ಒಂದು “ಸ್ಸ್ಸ್”. ಐದು ಹೊತ್ತು ಅವರದು, ಉಳಿದ ಹೊತ್ತು ನನ್ನದು. ನೋಟ್‌ಬುಕ್ಕಿನಲ್ಲಿ ‘ನೆಲ’ ಎಂಬ ಪದ ವಾರವಾರಕ್ಕೂ ಕಡಿಮೆಯಾಯಿತು.

ಏಪ್ರಿಲಿನಲ್ಲಿ ಚುಚ್ಚುಮದ್ದು ಮುಗಿಯಿತು. ಕಾಗದವನ್ನು ದಿನಕ್ಕಿಷ್ಟಿಷ್ಟು ಬಾಗಿಲ ಕಡೆ, ಆಮೇಲೆ ಮೆಟ್ಟಿಲಿಗೆ, ಆಮೇಲೆ ಹಿತ್ತಲ ನುಗ್ಗೆಮರದ ಬುಡಕ್ಕೆ ಸರಿಸಿದೆ. ಮೇ ಹೊತ್ತಿಗೆ ಇಲಾಚಿ ತಾನೇ ಹಿತ್ತಲ ಬಾಗಿಲು ಕೆರೆಯತೊಡಗಿತು.

ಮಾಮೂ ಈಗ ಚಹಾ ಕುಡಿಯುತ್ತಾರೆ, ಮುಂದಿನ ಜಗಲಿಯಲ್ಲಿ ಕೂತು. ಬೇಟೆಗೆ ಕಲಿಸಿದ ನಾಯಿ ಹಿಡಿದದ್ದು ಹಲಾಲ್ ಎಂದು ಅಲ್-ಮಾಇದಾ ಅಧ್ಯಾಯದಲ್ಲಿ ಇದೆಯಲ್ಲ, ಕಲಿತ ನಾಯಿಗೆ ಒಂದು ಮರ್ಯಾದೆ ಇದೆ ಎಂದು ಇವರು ವಾದ ಹೂಡಿದರು. “ಬೇಟೆಗೆ ಕಲಿಸಿದ್ದು. ಉಚ್ಚೆಗಲ್ಲ” ಎಂದರು ಮಾಮೂ. ಅವರ ಗಡಸು ದನಿ ಕೇಳಿದರೆ ಇಲಾಚಿ ಈಗಲೂ ಕಿವಿ ಮಡಚಿ ಕುಳಿತಲ್ಲೇ ನಾಲ್ಕು ಹನಿ ಬಿಟ್ಟುಬಿಡುತ್ತದೆ. ಅದು ಅಭ್ಯಾಸದ ಕೊರತೆಯಲ್ಲ, ದೊಡ್ಡವರೆದುರು ನಾಯಿ ತೋರುವ ಅದಬ್. ಬೈದರೆ ಹೆಚ್ಚಾಗುತ್ತದೆ, ವಯಸ್ಸಾದಂತೆ ಕಡಿಮೆಯಾದೀತು.

ಜೂನಿನಲ್ಲಿ ಮಲೆನಾಡಿನ ಮಳೆ ಹಿಡಿದುಕೊಂಡಿತು. ಒಂದೂವರೆ ಕಿಲೋ ತೂಗುವ ಇಲಾಚಿ ಬಾಗಿಲವರೆಗೆ ಹೋಗಿ, ಸುರಿಯುವ ಹಿತ್ತಲನ್ನು ನೋಡಿ, ನನ್ನ ಮುಖ ನೋಡಿ, ತಿರುಗಿ ಬಂದು ಹಾಸಿಗೆಯಲ್ಲಿ ಮಲಗಿತು. ಹಲಗೆಯ ಈಚೆಯಿಂದ ಅಮ್ಮಿಜಾನ್, “ಪಾಪ, ಆ ಮಳೆಯಲ್ಲಿ ಎಲ್ಲಿಗೆ ಹೋದೀತು, ಕಾಗದ ತರಿಸು” ಎಂದರು. ಪ್ರೆಸ್ಸಿಗೆ ಫೋನು ಮಾಡಿದೆ.