ಮುಖಕ್ಕೆ ಬಳಿದ ಮಸಿ

ಮತ ಹಾಕಿ ಬಂದವರ ಬೆರಳಿಗೆ ಅಂಟಿದ ಗುರುತನ್ನು ನಾವು 'ಅಳಿಸಲಾಗದ ಶಾಯಿ' ಎನ್ನುತ್ತೇವೆ. 1962ರ ಚುನಾವಣೆಯಿಂದ ಅದನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿರುವ ಊರು ನಮ್ಮ ಮೈಸೂರು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕಿನಲ್ಲಿ ಕಪ್ಪಾಗುತ್ತದೆ. ಹಳೆಯ ಫೋಟೊಗಳ ರಸಾಯನವೂ ಇದೇ ಬೆಳ್ಳಿಯದು. ಆ ಲೆಕ್ಕದಲ್ಲಿ ಮತದಾರನ ತೋರುಬೆರಳೇ ಒಂದು ಪುಟ್ಟ ಕಪ್ಪು-ಬಿಳುಪು ಚಿತ್ರ. ಆದರೆ ಅಳಿಸಲಾಗದು ಎಂಬ ಮಾತು ಉಗುರು ಬೆಳೆಯುವ ತನಕ ಮಾತ್ರ. ಫೋಟೊ ಮುದ್ರಿಸುವ ಇಂಕ್‌ಜೆಟ್ ಶಾಯಿಗಳ ಜಾಹೀರಾತಿನಲ್ಲಿ ನೂರು ವರ್ಷ, ಇನ್ನೂರು ವರ್ಷ ಬಾಳುತ್ತದೆ ಎಂದು ಓದುವಾಗಲೂ ಈ ಉಗುರನ್ನು ನೆನೆಯುವುದು ಕ್ಷೇಮ. ಕಪ್ಪು-ಬಿಳುಪು ಚಿತ್ರ ಬಾಳಬೇಕೆನ್ನುವವರು ವರ್ಷದ ಸಂಖ್ಯೆಗಿಂತ ಮೊದಲು ಶಾಯಿಯೊಳಗೆ ಮಸಿ, ಅಂದರೆ ಇಂಗಾಲದ ಕಪ್ಪು, ಎಷ್ಟಿದೆ ಎಂದು ಕೇಳಬೇಕು ಎಂಬುದು ನನ್ನ ವಾದ.

ಶಾಯಿಯ ಜೀವ ಮಸಿಯಲ್ಲಿದೆ ಎಂಬ ಗುಟ್ಟು ನಮ್ಮ ನುಡಿಗೆ ಮೊದಲೇ ಗೊತ್ತಿತ್ತು. ದೀಪದ ಕುಡಿಯ ಮೇಲೆ ಕಟ್ಟುವುದೂ ಮಸಿ, ಕುಡಿಕೆಯಲ್ಲಿಟ್ಟು ಬರೆಯುವುದೂ ಮಸಿ. ಪದ ಸಂಸ್ಕೃತದ್ದು ಎಂದು ಪಂಡಿತರು ತಕರಾರು ತೆಗೆದರೆ ಒಪ್ಪಿಕೊಳ್ಳೋಣ, ಮಸಿ ಮಾತ್ರ ಎಲ್ಲರ ಮನೆಯದು. ಓಲೆಗರಿಯ ಮೇಲೆ ಕಂಟವೆಂಬ ಮೊನಚು ಲೇಖನಿಯಿಂದ ಕೊರೆದ ಅಕ್ಷರ ಕಣ್ಣಿಗೆ ಕಂಡದ್ದು ಮಸಿಯನ್ನು ತಿಕ್ಕಿದ ಮೇಲೆಯೇ. ಕಡತದಲ್ಲಂತೂ ಲೆಕ್ಕ ತಿರುಗುಮುರುಗು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪು ಮಾಡಿ, ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರಹವನ್ನು ಒರೆಸಿ ಮತ್ತೆ ಬರೆಯಬಹುದಿತ್ತು, ಕಪ್ಪು ಮಾತ್ರ ಹಾಗೇ ಉಳಿಯುತ್ತಿತ್ತು. ಇಂದು ಕಚೇರಿಯ ಫೈಲಿಗೆ ಆ ಹೆಸರು ಅಂಟಿಕೊಂಡಿದೆ. ಬಟ್ಟೆ ಹೋಯಿತು, ಇದ್ದಿಲು ಹೋಯಿತು, ಮೇಜಿನಿಂದ ಅಲ್ಲಾಡದಿರುವ ಗುಣವೊಂದು ಉಳಿಯಿತು. ಫೋಟೊಗ್ರಫಿ ಈ ಮಸಿಯ ಬಳಿಗೆ ಬಂದದ್ದು ಪೆಟ್ಟು ತಿಂದ ಮೇಲೆ. 1839ರಲ್ಲಿ ಲೋಕಕ್ಕೆ ಪ್ರಕಟವಾದ ವಿದ್ಯೆಗೆ ಹದಿನಾರೇ ವರ್ಷದಲ್ಲಿ, ಚಿತ್ರಗಳು ಮಾಸುವುದೇಕೆ ಎಂದು ವಿಚಾರಿಸಲು ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಸಮಿತಿ ನೇಮಿಸಬೇಕಾಯಿತು. ಆ ವಿಚಾರಣೆಗೆ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ 50 ಪೌಂಡು ಕೊಟ್ಟ. ಅದೇ 1855ರಲ್ಲಿ ಫ್ರಾನ್ಸಿನ ಪ್ವಾತೆವ್ಯಾಂ ಬೆಳ್ಳಿಯನ್ನು ಬಿಟ್ಟು ಜೆಲಟಿನ್‌ನಲ್ಲಿ ಕಲಸಿದ ಇಂಗಾಲದಿಂದಲೇ ಚಿತ್ರ ಮೂಡಿಸುವ ದಾರಿ ಹುಡುಕಿದ. 1864ರಲ್ಲಿ ಇಂಗ್ಲೆಂಡಿನ ಜೋಸೆಫ್ ಸ್ವಾನ್ ಅದನ್ನು ಎಲ್ಲರ ಕೈಗೆಟುಕುವಂತೆ ಮಾಡಿದ. ಮುಖಕ್ಕೆ ಮಸಿ ಬಳಿಯುವುದು ನಮ್ಮಲ್ಲಿ ಅವಮಾನ. ಫೋಟೊದ ಮುಖಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇದೇ ಕತೆ ಕಂಪ್ಯೂಟರ್ ಕಾಲದಲ್ಲಿ ಮತ್ತೊಮ್ಮೆ ನಡೆಯಿತು. 1991ರಲ್ಲಿ ಹಾಡುಗಾರ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ ನ್ಯಾಶ್ ಎಡಿಶನ್ಸ್ ತೆರೆದು, ಲಕ್ಷ ಡಾಲರಿಗೂ ಹೆಚ್ಚು ಬೆಲೆಯ ಐರಿಸ್ ಪ್ರಿಂಟರಿನಲ್ಲಿ ಕಲಾಚಿತ್ರ ಮುದ್ರಿಸತೊಡಗಿದ. ಆ ಯಂತ್ರ ಹುಟ್ಟಿದ್ದು ಮುದ್ರಣಾಲಯಗಳ ಕರಡು ತೆಗೆಯಲಿಕ್ಕೆ. ಕರಡು ಬಾಳಬೇಕೆಂದು ಯಾರಿಗಿತ್ತು? ಅದರ ಡೈ ಶಾಯಿಯ ಚಿತ್ರಗಳು ಕೆಲವೇ ವರ್ಷಗಳಲ್ಲಿ ಬಣ್ಣಗೆಟ್ಟವು. ನೀರಿನಲ್ಲಿ ಕರಗಿದ ಡೈಯಲ್ಲಿ ಪ್ರತಿ ಅಣುವೂ ಒಂಟಿ. ಬೆಳಕೋ ಓಜೋನೋ ಅದರ ಒಂದು ಬಂಧ ಮುರಿದರೆ ಬಣ್ಣ ಹೋದಂತೆಯೇ. ಪಿಗ್ಮೆಂಟಿನದು ಕಣ, ಹೊರಪದರ ಸವೆದರೂ ಒಳಗಿನದಕ್ಕೆ ಕಾವಲಿರುತ್ತದೆ. ಮಸಿಯ ಕಣವಂತೂ ನುಂಗಿದ ಬೆಳಕನ್ನು ಶಾಖವಾಗಿಸಿ ತಾನು ಸುಮ್ಮನಿರುತ್ತದೆ.

ಮಸಿಯನ್ನು ತೆಳು ಮಾಡಿದರೆ ಕಂದು ಛಾಯೆ ಬರುತ್ತದಲ್ಲ ಎಂಬ ಆಕ್ಷೇಪ ನಿಜ. ಅದನ್ನು ಮರೆಸಲು ತಯಾರಕರು ನೀಲಿ, ಕೆನ್ನೀಲಿ ಪಿಗ್ಮೆಂಟು ಬೆರೆಸುತ್ತಾರೆ. ಮಾಸುವ ಸರದಿ ಮೊದಲು ಅವುಗಳದ್ದೇ, ಆಗ ಅಚ್ಚ ಬೂದು ಎಂದು ಕೊಂಡದ್ದು ಮೆಲ್ಲಗೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಬರೀ ಬಣ್ಣಗಳಿಂದಲೇ ಬೂದು ಕಟ್ಟಿದರೆ ಅದು ಮುಕ್ಕಾಲಿ ಮಣೆ: ಒಂದು ಕಾಲು ಸವೆದರೆ ಸಾಕು, ವಾಲಿತು. ಅಮೆರಿಕದ ವರ್ಮಾಂಟಿನ ಮುದ್ರಕ ಜಾನ್ ಕೋನ್ ತನ್ನ ಪಿಯೆಜೋಗ್ರಫಿ ಪದ್ಧತಿಯಲ್ಲಿ ಬಣ್ಣದ ಶಾಯಿಯ ಜಾಗಕ್ಕೆ ಬೇರೆಬೇರೆ ಗಾಢತೆಯ ಕಪ್ಪುಗಳನ್ನೇ ಸುರಿದದ್ದು ಅದಕ್ಕೇ ಬುದ್ಧಿವಂತಿಕೆ. ಕಂದು ಒಗ್ಗದವರು ಬಣ್ಣ ಅತ್ಯಲ್ಪವಾಗಿ ಬೆರೆತ ಬೂದು ಶಾಯಿ ಕೊಳ್ಳಲಿ, ಅದೊಂದು ಮರ್ಯಾದಸ್ಥ ರಾಜಿ. ಮಸಿ ತಳ ಸೇರುತ್ತದೆ, ನಾಜಲ್ ಕಟ್ಟಿಕೊಳ್ಳುತ್ತದೆ ಎಂಬ ದೂರೂ ಇದೆ. ಬಾಟಲಿ ಅಲುಗಾಡಿಸುವುದು, ವಾರಕ್ಕೊಂದು ಹಾಳೆಯಾದರೂ ಮುದ್ರಿಸುವುದು ಅದಕ್ಕೆ ಮದ್ದು. ಕುಡಿಕೆಯ ಮಸಿಯನ್ನೂ ಕಲಕಿಯೇ ಬರೆಯಬೇಕಿತ್ತು. ಪ್ರಯೋಗಾಲಯದ ವರ್ಷಗಳಿವೆಯಲ್ಲ ಎಂದರೆ, ಚಿತ್ರಗಳ ಬಾಳಿಕೆ ಪರೀಕ್ಷಿಸುವ ಹೆನ್ರಿ ವಿಲ್ಹೆಲ್ಮ್ ಸಂಸ್ಥೆಯ ಅಂಕಿಗಳು ನನಗೂ ಮಾನ್ಯ. ಆದರೆ ಅಲ್ಲಿ ಪ್ರಖರ ಬೆಳಕಿನಲ್ಲಿ ಬೇಗ ಮಾಸಿಸಿ, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಬೀಳುವ ಗೋಡೆಯ ಲೆಕ್ಕಕ್ಕೆ ವರ್ಷ ಗುಣಿಸುತ್ತಾರೆ. ನಮ್ಮ ಗೋಡೆಗೆ ಬೆಳಕಷ್ಟೇ ಅಲ್ಲ, ಒಗ್ಗರಣೆಯ ಹೊಗೆ, ಮಳೆಗಾಲದ ತೇವ ಎಲ್ಲವೂ ಬರುತ್ತವೆ. ಕಾಗದಕ್ಕೆ ಹೊಳಪಿನ ಬಿಳಿಗಾಗಿ ರಾಸಾಯನಿಕ ಸೇರಿಸಿದ್ದರೆ ಶಾಯಿ ಗಟ್ಟಿಯಾಗಿದ್ದೂ ಹಾಳೆ ಹಳದಿಗೆ ತಿರುಗುತ್ತದೆ. ಹತ್ತಿನಾರಿನ, ಅಂಥದೇನೂ ಸೇರದ ಕಾಗದವೇ ಮಸಿಗೆ ತಕ್ಕ ಜೋಡಿ. ಅಂಥ ಹಾಳೆಯ ಮೇಲೆ ಮೂಡಿದ ಅಜ್ಜಿಯ ಚಿತ್ರ ಒಂದಿಷ್ಟು ಕಂದಾಗಿಯೇ ಗೋಡೆಯ ಮೇಲಿರಲಿ. ಅದರೆದುರು ಎಷ್ಟೋ ಚುನಾವಣೆಗಳ ಗುರುತು ಉಗುರಿನೊಡನೆ ಬೆಳೆದು ನೇಲ್‌ಕಟ್ಟರಿಗೆ ಸಿಕ್ಕಿ ಹೋಗುತ್ತದೆ.